ಪಾದುವಾದ ಪುಟ್ಟ ಬಾಗಿಲುಗಳು

ವೆನಿಸ್‌ಗೆ ಹೋದವರೆಲ್ಲ ನೀರಿನ ಬೀದಿಗಳನ್ನು ನೋಡುತ್ತಾರೆ, ದೋಣಿ ಹತ್ತುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ರೈಲಿನಲ್ಲಿ ಪಶ್ಚಿಮಕ್ಕೆ ಅರ್ಧ ಗಂಟೆ ಪ್ರಯಾಣ ಮಾಡಿದರೆ ಪಾದುವಾ ಸಿಗುತ್ತದೆ. ಇಟಲಿಯವರ ಬಾಯಲ್ಲಿ ಅದು ಪಾದೊವಾ. ಈ ಹೆಸರು ನಮಗೆ ತೀರಾ ಅಪರಿಚಿತವೇನಲ್ಲ. ಮೈಸೂರು ಜಿಲ್ಲೆಯ ಡೋರ್ನಹಳ್ಳಿಗೆ ಜನ ಹರಕೆ ಹೊತ್ತು ಹೋಗುತ್ತಾರಲ್ಲ, ಆ ಸಂತ ಅಂತೋಣಿಯವರನ್ನು ಲೋಕವೆಲ್ಲ ಕರೆಯುವುದು ಪಾದುವಾದ ಅಂತೋಣಿ ಎಂದೇ. ಅವರು ಹುಟ್ಟಿದ್ದು ಲಿಸ್ಬನ್‌ನಲ್ಲಾದರೂ ಸಮಾಧಿ ಇರುವುದು ಈ ಊರಿನಲ್ಲಿ. ದೊಡ್ಡ ಪ್ರವಚನಕಾರರಾಗಿದ್ದ ಅವರ ನಾಲಗೆಯನ್ನು ಇಲ್ಲಿನ ಬೆಸಿಲಿಕಾದಲ್ಲಿ ಇಂದಿಗೂ ಕಾಪಾಡಿ ಇಟ್ಟಿದ್ದಾರೆ. ಮಾತಿನಿಂದ ಹೆಸರಾದವರ ನಾಲಗೆ!

ಯಾವ ಅಂಗಕ್ಕೆ ಯಾವ ಕೆಲಸ ಎಂಬ ಪ್ರಶ್ನೆಗೂ ಈ ಊರಿಗೂ ಇನ್ನೊಂದು ನಂಟಿದೆ. ಅದನ್ನು ನೋಡಲೆಂದೇ ನಾನು, ಅಕ್ಕ ಮತ್ತು ಅಕ್ಕನ ಮಗಳು ವೆನಿಸ್‌ನಲ್ಲಿ ಒಂದು ದಿನ ಉಳಿಸಿ ಇಲ್ಲಿಗೆ ಬಂದೆವು. ಅಕ್ಕನ ಮಗಳು ಎಂಟನೇ ತರಗತಿ. ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದನ್ನು ಆಗಷ್ಟೇ ಕಲಿತಿದ್ದಳು. ರೈಲಿನಲ್ಲೇ ಅವಳ ಪ್ರಶ್ನೆ ಶುರುವಾಯಿತು.

“ಚಿಕ್ಕಮ್ಮ, ಚಿತ್ರದಲ್ಲಿ ಹೃದಯದ ಎಡಗಡೆ ಗೋಡೆ ದಪ್ಪ, ಬಲಗಡೆ ತೆಳ್ಳಗೆ ಇರುತ್ತೆ. ಒಂದೇ ಥರ ಬರೆದರೆ ಮಿಸ್ ಮಾರ್ಕ್ಸ್ ಕಟ್ ಮಾಡ್ತಾರೆ. ಯಾಕೆ ಹಾಗೆ?”

“ಇಳಿದ ಮೇಲೆ ಹೇಳ್ತೀನಿ ಇರು” ಎಂದೆ. ಆ ಪ್ರಶ್ನೆಯನ್ನು ಇಟ್ಟುಕೊಂಡು ಹೋಗಲು ಪಾದುವಾಕ್ಕಿಂತ ಒಳ್ಳೆಯ ಜಾಗವಿಲ್ಲ.

ಎತ್ತಿನ ಹೆಸರಿನ ಅರಮನೆ

ಪಾದುವಾ ವಿಶ್ವವಿದ್ಯಾಲಯ ಆರಂಭವಾದದ್ದು 1222ರಲ್ಲಿ. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲ. ಊರ ನಡುವೆ ಇರುವ ಅದರ ಹಳೆಯ ಕಟ್ಟಡದ ಹೆಸರು ಪಲಾಟ್ಸೊ ಬೊ. ‘ಬೊ’ ಎಂದರೆ ಅಲ್ಲಿನ ಆಡುಮಾತಿನಲ್ಲಿ ಎತ್ತು. ಹಿಂದೆ ಆ ಜಾಗದಲ್ಲಿ ಎತ್ತಿನ ಚಿತ್ರದ ಫಲಕ ಹಾಕಿಕೊಂಡ ಒಂದು ಛತ್ರವಿತ್ತು. ಛತ್ರ ಹೋಗಿ ವಿಶ್ವವಿದ್ಯಾಲಯ ಬಂದರೂ ಎತ್ತು ಮಾತ್ರ ಹೆಸರಿನಲ್ಲಿ ಉಳಿದುಕೊಂಡಿತು.

ಒಳಗೆ ಕಾಲಿಟ್ಟರೆ ಕಂಬಗಳ ಸಾಲಿರುವ ಚೌಕಾಕಾರದ ಅಂಗಳ. ಗೋಡೆ, ಚಾವಣಿಗಳ ತುಂಬ ಬಣ್ಣಬಣ್ಣದ ಲಾಂಛನಗಳು. ಇಲ್ಲಿ ಓದಿದವರು, ಕಲಿಸಿದವರು ಬಿಟ್ಟುಹೋದ ಗುರುತುಗಳವು. ಮೆಟ್ಟಿಲ ಬುಡದಲ್ಲಿ ಒಬ್ಬ ಹೆಣ್ಣುಮಗಳ ಪ್ರತಿಮೆ ಇದೆ. ಆಕೆ ಎಲೆನಾ ಕೊರ್ನಾರೊ ಪಿಸ್ಕೋಪಿಯಾ. 1678ರಲ್ಲಿ ಈ ವಿಶ್ವವಿದ್ಯಾಲಯದಿಂದ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ವಿಶ್ವವಿದ್ಯಾಲಯದಿಂದ ಆ ಪದವಿ ಪಡೆದ ಮೊದಲ ಮಹಿಳೆ ಎಂದು ಜಗತ್ತು ಅವರನ್ನು ನೆನೆಯುತ್ತದೆ. ಅಕ್ಕ ಆ ಪ್ರತಿಮೆಯ ಮುಂದೆ ಮಗಳನ್ನು ನಿಲ್ಲಿಸಿ ಫೋಟೊ ತೆಗೆದಳು.

ಗೆಲಿಲಿಯೊ 1592ರಿಂದ 1610ರವರೆಗೆ ಹದಿನೆಂಟು ವರ್ಷ ಪಾಠ ಹೇಳಿದ್ದೂ ಇದೇ ವಿಶ್ವವಿದ್ಯಾಲಯದಲ್ಲಿ. ಆದರೆ ನಾವು ನೋಡಬೇಕಾಗಿದ್ದುದು ಇನ್ನೊಂದು ಜಾಗ: 1595ರ ಹೊತ್ತಿಗೆ ಕಟ್ಟಿ ಮುಗಿದ ಅಂಗರಚನಾ ರಂಗಮಂದಿರ. ಮನುಷ್ಯ ದೇಹವನ್ನು ಬಿಡಿಸಿ ವಿದ್ಯಾರ್ಥಿಗಳಿಗೆ ತೋರಿಸಲೆಂದೇ ಕಟ್ಟಿದ ಕಾಯಂ ಮಂದಿರಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಇದೇ.

ಬಾವಿಯೊಳಗಿಂದ ಆಕಾಶ

ಮಾರ್ಗದರ್ಶಿ ನಮ್ಮನ್ನು ಕರೆದುಕೊಂಡು ಹೋದದ್ದು ಮಂದಿರದ ಬುಡಕ್ಕೆ. ಹಿಂದಿನ ಕಾಲದಲ್ಲಿ ಶವವನ್ನು ಸಿದ್ಧಪಡಿಸುತ್ತಿದ್ದ ಕೋಣೆಯಿಂದ ಒಳಹೊಕ್ಕು ತಲೆಯೆತ್ತಿ ನೋಡಬೇಕು. ಮೊಟ್ಟೆಯಾಕಾರದ ಒಂದು ಬಾವಿಯೊಳಗೆ ನಿಂತಂತೆ ಅನ್ನಿಸುತ್ತದೆ. ಸುತ್ತಲೂ ಒಂದರ ಮೇಲೊಂದು ಆರು ಸುತ್ತು ಕಟಕಟೆ. ಮೇಲೆ ಹೋದಂತೆ ಸುತ್ತು ಅಗಲವಾಗುತ್ತದೆ. ಹಂಪಿಯ ಪುಷ್ಕರಣಿಯ ತಳದಲ್ಲಿ ನಿಂತು ಮೆಟ್ಟಿಲುಗಳನ್ನು ನೋಡಿದವರಿಗೆ ಸ್ವಲ್ಪ ಅಂದಾಜು ಸಿಗಬಹುದು. ಆದರೆ ಇಲ್ಲಿರುವುದು ಕಲ್ಲಲ್ಲ, ಕೆತ್ತನೆಯ ಮರದ ಕಟಕಟೆ. ಪುಷ್ಕರಣಿಗಿಂತ ತುಂಬ ಕಡಿದು, ತುಂಬ ಇಕ್ಕಟ್ಟು.

ಈ ಕಟಕಟೆಗಳ ಹಿಂದೆ ಕೂರಲು ಜಾಗವಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತೇ ನೋಡುತ್ತಿದ್ದರು. ಶವ ಬೇಗ ಕೆಡಬಾರದೆಂದು ಚಳಿಗಾಲದಲ್ಲೇ ಪಾಠ. ಬೆಳಕಿಗೆ ಮೇಣದ ಬತ್ತಿ. “ಯಾರಾದರೂ ಮೂರ್ಛೆ ತಪ್ಪಿದರೂ ಬೀಳಲು ಜಾಗವಿರಲಿಲ್ಲ” ಎಂದು ಮಾರ್ಗದರ್ಶಿ ನಕ್ಕಳು.

ಈ ಆಕಾರಕ್ಕೂ ಕಾರಣವಿದೆ. ಸಮತಟ್ಟು ಕೋಣೆಯಲ್ಲಿ ಮುಂದಿನವರ ತಲೆ ಹಿಂದಿನವರಿಗೆ ಅಡ್ಡ. ಸಾಲುಗಳನ್ನು ಒಂದರ ಮೇಲೊಂದು ಏರಿಸಿದರೆ ಎಲ್ಲರ ಕಣ್ಣೂ ಕೆಳಗಿನ ಒಂದೇ ಮೇಜಿನ ಮೇಲೆ ಬೀಳುತ್ತದೆ. ಮನುಷ್ಯ ದೇಹ ಉದ್ದವಾದದ್ದು, ಹಾಗಾಗಿ ವೃತ್ತಕ್ಕಿಂತ ಮೊಟ್ಟೆಯಾಕಾರ ಅದರ ಸುತ್ತ ಚೆನ್ನಾಗಿ ಹೊಂದುತ್ತದೆ. ಮಾಡಬೇಕಾದ ಕೆಲಸಕ್ಕೆ ತಕ್ಕ ಆಕಾರ. ದೇಹದ ಪಾಠವೂ ಇದೇ ತಾನೆ?

ಪುಸ್ತಕ ಹೇಳಿದ್ದು, ಕಣ್ಣು ಕಂಡಿದ್ದು

ಈ ಮಂದಿರ ಕಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಪಾದುವಾದಲ್ಲಿ ಒಂದು ದೊಡ್ಡ ಬದಲಾವಣೆ ಆಗಿಹೋಗಿತ್ತು. ಅದುವರೆಗೆ ಅಂಗರಚನೆಯ ಪಾಠ ಹೇಗಿತ್ತೆಂದರೆ, ಪ್ರೊಫೆಸರ್ ಎತ್ತರದ ಪೀಠದಲ್ಲಿ ಕುಳಿತು ಹಳೆಯ ಗ್ರಂಥ ಓದುವರು. ಕೆಳಗೆ ಕ್ಷೌರಿಕ ವೈದ್ಯ ಶವ ಕೊಯ್ಯುವನು. ಓದುವವರು ಕೊಯ್ಯುವುದಿಲ್ಲ, ಕೊಯ್ಯುವವನು ಓದಿಲ್ಲ. ಗ್ರಂಥ ಯಾರದೆಂದರೆ, ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್‌ನದು. ಸಾವಿರದ ಮುನ್ನೂರು ವರ್ಷಗಳಿಂದ ಅವನ ಮಾತಿಗೆ ಎದುರು ಮಾತಿರಲಿಲ್ಲ.

1537ರಲ್ಲಿ ಇಪ್ಪತ್ತೆರಡು ವರ್ಷದ ಆಂಡ್ರಿಯಾಸ್ ವೆಸಾಲಿಯಸ್ ಇಲ್ಲಿ ಅಧ್ಯಾಪಕನಾಗಿ ಸೇರಿದ. ಪೀಠ ಬಿಟ್ಟು ಕೆಳಗಿಳಿದು ತಾನೇ ಚಾಕು ಹಿಡಿದ. ಗೇಲನ್ ಹೇಳಿದ್ದಕ್ಕೂ ಕಣ್ಣೆದುರು ಕಂಡದ್ದಕ್ಕೂ ಎಷ್ಟೋ ಕಡೆ ತಾಳೆಯಾಗಲಿಲ್ಲ. ಕೆಳದವಡೆ ಎರಡು ಮೂಳೆ ಸೇರಿ ಆಗಿದೆ ಎಂದು ಗೇಲನ್ ಬರೆದಿದ್ದ. ಮನುಷ್ಯನಲ್ಲಿ ಇದ್ದದ್ದು ಒಂದೇ ಮೂಳೆ. ಎದೆಯ ನಡುಮೂಳೆಯಲ್ಲಿ ಏಳು ಭಾಗ ಎಂದಿದ್ದ. ಕಂಡದ್ದು ಮೂರು. ಗೇಲನ್ ಸುಳ್ಳು ಹೇಳಿರಲಿಲ್ಲ. ಅವನು ಕೊಯ್ದು ನೋಡಿದ್ದು ಕೋತಿ, ಹಂದಿ, ದನಗಳನ್ನು. ಅದನ್ನೇ ಮನುಷ್ಯನಿಗೂ ಹೊಂದಿಸಿ ಬರೆದಿದ್ದ.

ವೆಸಾಲಿಯಸ್ ಕಂಡದ್ದನ್ನೆಲ್ಲ ಚಿತ್ರಗಳ ಸಮೇತ 1543ರಲ್ಲಿ ದೊಡ್ಡ ಪುಸ್ತಕವಾಗಿ ಪ್ರಕಟಿಸಿದ. ಅದರಲ್ಲಿ ಅವನದೇ ಒಂದು ಚಿತ್ರವಿದೆ. ಬಿಡಿಸಿದ ಒಂದು ಕೈಯನ್ನು ಹಿಡಿದು, ಮೊಣಕೈಯಿಂದ ಬೆರಳಿಗೆ ಹೋಗುವ ಸ್ನಾಯುರಜ್ಜುಗಳನ್ನು ತೋರಿಸುತ್ತಿದ್ದಾನೆ.

ಅವನು ಏನು ತೋರಿಸುತ್ತಿದ್ದಾನೆ ಎಂದು ತಿಳಿಯಲು ಇಟಲಿಗೆ ಹೋಗಬೇಕಿಲ್ಲ. ಎಡಗೈಯಿಂದ ಬಲ ಮುಂಗೈಯನ್ನು ಮೊಣಕೈ ಹತ್ತಿರ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ. ಬೆರಳು ಆಡುವುದು ಅಲ್ಲಿ, ಮಾಂಸಖಂಡ ಮಿಸುಕುವುದು ಇಲ್ಲಿ! ಬೆರಳನ್ನು ಮಡಿಸುವ ಬಲವಾದ ಮಾಂಸಖಂಡಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹುರಿಯಂಥ ರಜ್ಜುಗಳು ಬೆರಳತನಕ ಹೋಗಿವೆ. ಸೂತ್ರದ ಗೊಂಬೆಯ ಕೈ ಆಡುವುದು ಗೊಂಬೆಯಲ್ಲಿ, ಆಡಿಸುವ ಕೈ ಇರುವುದು ದೂರದಲ್ಲಿ.

ಆ ಮಾಂಸವೆಲ್ಲ ಬೆರಳಿನಲ್ಲೇ ಇದ್ದಿದ್ದರೆ ಬೆರಳು ನೇಂದ್ರ ಬಾಳೆಹಣ್ಣಿನಷ್ಟು ದಪ್ಪವಾಗುತ್ತಿತ್ತು. ಸೂಜಿಗೆ ದಾರ ಪೋಣಿಸುವುದು, ಮಲ್ಲಿಗೆ ಮೊಗ್ಗು ಕಟ್ಟುವುದು, ವೀಣೆ ನುಡಿಸುವುದು ಆಗುತ್ತಿರಲಿಲ್ಲ. ಇನ್ನೊಂದು ಸೋಜಿಗ ನೋಡಿ. ಬೆರಳಿನ ನಡುಗೆಣ್ಣು ಮಡಿಸಲು ಒಂದು ರಜ್ಜು, ತುದಿಗೆಣ್ಣು ಮಡಿಸಲು ಇನ್ನೊಂದು. ಮೇಲಿನ ರಜ್ಜು ದಾರಿಯಲ್ಲಿ ಎರಡಾಗಿ ಸೀಳಿಕೊಳ್ಳುತ್ತದೆ. ಕೆಳಗಿನದು ಆ ಸೀಳಿನ ನಡುವೆ ನುಸುಳಿ ಬೆರಳ ತುದಿ ಸೇರುತ್ತದೆ. ಒಂದಕ್ಕೊಂದು ಸಿಕ್ಕಿಕೊಳ್ಳದೆ ಎರಡೂ ಕೆಲಸ ಮಾಡುತ್ತವೆ.

ಕಂಡರೂ ಕಾಣದ ಬಾಗಿಲು

ಈ ರಂಗಮಂದಿರವನ್ನು ಕಟ್ಟಿಸಿದ ಪ್ರೊಫೆಸರ್ ಹೆಸರು ಜಿರೊಲಾಮೊ ಫಬ್ರೀಚಿ. ವಿಜ್ಞಾನದ ಪುಸ್ತಕಗಳಲ್ಲಿ ಫ್ಯಾಬ್ರಿಸಿಯಸ್ ಎಂದಿರುತ್ತದೆ. ಕೈಕಾಲುಗಳ ಅಭಿಧಮನಿಗಳನ್ನು, ಅಂದರೆ ನೀಲಿಯಾಗಿ ಕಾಣುವ ರಕ್ತನಾಳಗಳನ್ನು, ಉದ್ದಕ್ಕೆ ಸೀಳಿ ನೋಡಿದಾಗ ಒಳಗೆ ಅಲ್ಲಲ್ಲಿ ತೆಳುವಾದ ಪುಟ್ಟ ಪರದೆಗಳು ಕಂಡವು. ಅವುಗಳ ಮೇಲೆ 1603ರಲ್ಲಿ ಒಂದು ಪುಸ್ತಕ ಬರೆದು, ಅವಕ್ಕೆ ಲ್ಯಾಟಿನ್‌ನಲ್ಲಿ ‘ಪುಟ್ಟ ಬಾಗಿಲು’ ಎಂದೇ ಹೆಸರಿಟ್ಟ. ಇಂದು ನಾವು ಕವಾಟ ಎನ್ನುವುದು ಇವನ್ನೇ.

ಈ ಬಾಗಿಲುಗಳ ಬಾಯಿ ಹೃದಯದ ಕಡೆಗೇ ಇದೆ ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಆದರೆ ಅವು ಯಾಕಿವೆ? ಗೇಲನ್ ಪ್ರಕಾರ ರಕ್ತ ಹುಟ್ಟುವುದು ಪಿತ್ತಜನಕಾಂಗದಲ್ಲಿ. ಅಲ್ಲಿಂದ ಅಭಿಧಮನಿಗಳ ಮೂಲಕ ಕೈಕಾಲಿಗೆ ಹರಿದು, ಹೊಲಕ್ಕೆ ಬಿಟ್ಟ ನೀರಿನಂತೆ ಅಲ್ಲೇ ಇಂಗಿಹೋಗುತ್ತದೆ. ಫ್ಯಾಬ್ರಿಸಿಯಸ್ ಆ ಮಾತನ್ನು ಬಿಡಲಿಲ್ಲ. ರಕ್ತವೆಲ್ಲ ಒಮ್ಮೆಗೇ ಕೈಕಾಲಿಗೆ ನುಗ್ಗಿ ಅಲ್ಲೇ ತುಂಬಿಕೊಳ್ಳಬಾರದೆಂದು ಈ ಬಾಗಿಲುಗಳು ಹರಿವನ್ನು ನಿಧಾನ ಮಾಡುತ್ತವೆ ಎಂದು ವಿವರಿಸಿದ.

ಆ ದಿನಗಳಲ್ಲಿ ಕಟಕಟೆಯಲ್ಲಿ ನಿಂತು ಪಾಠ ಕೇಳಿದವರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯೂ ಒಬ್ಬ. 1602ರಲ್ಲಿ ಪದವಿ ಪಡೆದು ಊರಿಗೆ ಮರಳಿದ. ಗುರು ತೋರಿಸಿದ ಪುಟ್ಟ ಬಾಗಿಲು ಅವನ ತಲೆಯಲ್ಲಿ ಉಳಿದುಕೊಂಡಿತು. ಹೃದಯದ ಕಡೆಗೆ ಮಾತ್ರ ತೆರೆಯುವ ಬಾಗಿಲು ಇರುವ ದಾರಿಯಲ್ಲಿ ರಕ್ತ ಹೃದಯದಿಂದ ಆಚೆ ಹೋಗುವುದಾದರೂ ಹೇಗೆ? ರಕ್ತ ಅಲ್ಲಿ ಹಿಂದಿರುಗುತ್ತಿರಬೇಕು!

ತೋಟದ ಬಾವಿಗೆ ಪಂಪ್‌ಸೆಟ್ ಇರುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಪೈಪಿನ ತುದಿಯಲ್ಲಿ ಒಂದು ಫುಟ್‌ವಾಲ್ವ್ ಇರುತ್ತದೆ. ನೀರು ಮೇಲೆ ಬರುವಾಗ ತೆರೆಯುತ್ತದೆ, ಕೆಳಗೆ ಜಾರಲು ಹೊರಟರೆ ಮುಚ್ಚಿಕೊಳ್ಳುತ್ತದೆ. ಫುಟ್‌ವಾಲ್ವ್ ಯಾವ ಕಡೆಗೆ ತೆರೆಯುತ್ತದೆಂದು ನೋಡಿದರೆ ಸಾಕು, ನೀರು ಯಾವ ಕಡೆಗೆ ಹರಿಯುತ್ತದೆಂದು ಹೇಳಬಹುದು.

ಹಾರ್ವೆ ಅಷ್ಟಕ್ಕೇ ಬಿಡಲಿಲ್ಲ, ಲೆಕ್ಕ ಹಾಕಿದ. ಇಂದಿನ ಅಂಕಿಗಳಲ್ಲಿ ಆ ಲೆಕ್ಕ ಮಾಡಿ ನೋಡೋಣ. ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಎಂದರೆ ಸುಮಾರು 5 ಲೀಟರ್. ಗಂಟೆಗೆ 300 ಲೀಟರ್, ಅಂದರೆ ನೀರು ತುಂಬುವ 200 ಲೀಟರಿನ ಡ್ರಮ್ಮಿನಲ್ಲಿ ಒಂದೂವರೆ ಡ್ರಮ್. ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್! ಗಂಟೆಗೆ ಒಂದೂವರೆ ಡ್ರಮ್ ಹೊಸ ರಕ್ತ ಹುಟ್ಟಬೇಕಾದರೆ ನಾವು ಎಷ್ಟು ಉಣ್ಣಬೇಕು, ಎಷ್ಟು ಕುಡಿಯಬೇಕು? ಸಾಧ್ಯವೇ ಇಲ್ಲ. ಹಾಗಾದರೆ ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿದೆ ಎಂದಾಯಿತು. 1628ರಲ್ಲಿ ಹಾರ್ವೆ ಇದನ್ನು ಒಂದು ಸಣ್ಣ ಪುಸ್ತಕವಾಗಿ ಪ್ರಕಟಿಸಿದ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಕೂದಲಿಗಿಂತ ಸಣ್ಣ ಲೋಮನಾಳಗಳನ್ನು ಅವನು ಕಂಡಿರಲಿಲ್ಲ. ಅವನು ತೀರಿಕೊಂಡ ಮೇಲೆ, 1661ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ಅವನ್ನೂ ಕಂಡ.

ಗುರು ಮತ್ತು ಶಿಷ್ಯ ಇಬ್ಬರೂ ನೋಡಿದ್ದು ಒಂದೇ ಬಾಗಿಲನ್ನು. ಗುರು ಅದನ್ನು ಪುಸ್ತಕಕ್ಕೆ ಹೊಂದಿಸಿದ. ಶಿಷ್ಯ ಬಾಗಿಲನ್ನೇ ಕೇಳಿದ: ನೀನು ಯಾವ ಕಡೆ ತೆರೆಯುತ್ತೀ?

ಅಜ್ಜನ ಕೈಯಲ್ಲಿ ಒಂದು ಪ್ರಯೋಗ

ಹಾರ್ವೆ ತನ್ನ ಪುಸ್ತಕದಲ್ಲಿ ತೋಳಿಗೆ ಪಟ್ಟಿ ಕಟ್ಟಿ ಮಾಡಿದ ಪ್ರಯೋಗದ ಚಿತ್ರ ಕೊಟ್ಟಿದ್ದಾನೆ. ನೀವು ಏನನ್ನೂ ಕಟ್ಟುವುದು ಬೇಡ. ಮನೆಯಲ್ಲಿ ಅಜ್ಜನದೋ ಅಜ್ಜಿಯದೋ ಕೈಯನ್ನು ಕೇಳಿ ಪಡೆಯಿರಿ. ವಯಸ್ಸಾದವರ ಕೈಯ ಹಿಂಭಾಗದಲ್ಲಿ ನಾಳಗಳು ಎದ್ದು ಕಾಣುತ್ತವೆ. ಅವರು ಸ್ವಲ್ಪ ಹೊತ್ತು ಕೈ ಕೆಳಗೆ ಇಳಿಬಿಟ್ಟರೆ ಇನ್ನೂ ಚೆನ್ನ.

ನೇರವಾದ ಒಂದು ನಾಳ ಆರಿಸಿ. ಬೆರಳ ಬುಡದ ಕಡೆ ನಿಮ್ಮ ಒಂದು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮಣಿಕಟ್ಟಿನ ಕಡೆಗೆ ನಾಳವನ್ನು ಸವರಿ, ಆ ಬೆರಳನ್ನು ತೆಗೆಯಿರಿ. ನಾಳ ಚಪ್ಪಟೆಯಾಗಿ ಮಾಯವಾಗುತ್ತದೆ. ನಡುವೆ ಕವಾಟವಿದ್ದರೆ, ಮಣಿಕಟ್ಟಿನ ಕಡೆ ರಕ್ತವಿದ್ದರೂ ಅದು ಆ ಖಾಲಿ ಜಾಗಕ್ಕೆ ಹಿಂದಿರುಗಿ ಬರುವುದಿಲ್ಲ. ಈಗ ಒತ್ತಿದ ಬೆರಳನ್ನೂ ಎತ್ತಿ. ಬೆರಳ ಕಡೆಯಿಂದ ರಕ್ತ ತಟ್ಟನೆ ಬಂದು ನಾಳ ಉಬ್ಬುತ್ತದೆ. ಮೊದಲ ಸಲ ಆಗದಿದ್ದರೆ ಇನ್ನೊಂದು ನಾಳದಲ್ಲಿ ನೋಡಿ. ನಮ್ಮ ಹುಡುಗಿ ಇದನ್ನು ಪಲಾಟ್ಸೊ ಬೊ ಎದುರಿನ ಬೆಂಚಿನ ಮೇಲೆ ತನ್ನ ಅಮ್ಮನ ಕೈಯಲ್ಲೇ ಮಾಡಿ ನೋಡಿದಳು.

ಈ ಬಾಗಿಲುಗಳ ಬೆಲೆ ತಿಳಿಯುವುದು ನಿಂತಾಗ. ಪಾದದ ರಕ್ತ ಎದೆಯವರೆಗೆ ಏರಬೇಕು. ಅಷ್ಟು ಎತ್ತರಕ್ಕೆ ಹೃದಯವೊಂದೇ ಅದನ್ನು ತಳ್ಳುವುದು ಕಷ್ಟ. ನಾವು ನಡೆದಾಗಲೆಲ್ಲ ಮೀನಖಂಡದ ಮಾಂಸ ಬಿಗಿದು ಒಳಗಿನ ನಾಳಗಳನ್ನು ಹಿಂಡುತ್ತದೆ. ರಕ್ತ ಮೇಲೇರುತ್ತದೆ. ಕವಾಟ ಅದನ್ನು ಕೆಳಗೆ ಜಾರಗೊಡುವುದಿಲ್ಲ. ಕದಲದೆ ಬಹಳ ಹೊತ್ತು ನಿಂತರೆ ಈ ಹಿಂಡುವ ಕೆಲಸ ನಿಲ್ಲುತ್ತದೆ. ರಕ್ತ ಕಾಲಿನಲ್ಲೇ ಹೆಚ್ಚು ಉಳಿದು ಮಿದುಳಿಗೆ ಕಡಿಮೆಯಾಗಿ ತಲೆ ಸುತ್ತಬಹುದು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳು ಕುಸಿದು ಬೀಳುವುದಕ್ಕೆ ಇದೂ ಒಂದು ಕಾರಣ. ಬಹಳ ಹೊತ್ತು ನಿಲ್ಲಬೇಕಾಗಿ ಬಂದಾಗ ಹಿಮ್ಮಡಿಯನ್ನು ಆಗಾಗ ಎತ್ತಿ ಇಳಿಸುತ್ತಿರಿ. ತಲೆ ಸುತ್ತಿದಂತಾದರೆ ಅಲ್ಲೇ ಕುಳಿತುಬಿಡಿ.

ಆ ಇಕ್ಕಟ್ಟಿನ ಕಟಕಟೆಯಲ್ಲಿ ಗಂಟೆಗಟ್ಟಲೆ ನಿಂತು ಪುಟ್ಟ ಬಾಗಿಲುಗಳ ಪಾಠ ಕೇಳಿದ ಹುಡುಗರ ಕಾಲಲ್ಲೂ ಅದೇ ಬಾಗಿಲುಗಳು ಕೆಲಸ ಮಾಡುತ್ತಿದ್ದವು.

ದಪ್ಪ ಗೋಡೆಯ ಉತ್ತರ

ರೈಲಿನ ಪ್ರಶ್ನೆಗೆ ಈಗ ಅವಳೇ ಉತ್ತರ ಹುಡುಕಬಹುದಿತ್ತು. “ಬಲಗಡೆಯ ಹೃತ್ಕುಕ್ಷಿ ರಕ್ತವನ್ನು ಎಲ್ಲಿಗೆ ಕಳಿಸುತ್ತೆ?” ಎಂದು ಕೇಳಿದೆ.

“ಶ್ವಾಸಕೋಶಕ್ಕೆ.”

“ಎಷ್ಟು ದೂರ?”

“ಪಕ್ಕದಲ್ಲೇ ಇದೆಯಲ್ಲ.”

“ಎಡಗಡೆಯದು?”

“ಇಡೀ ಮೈಗೆ... ಓ! ತಲೆಗೂ ಕಾಲಿಗೂ ಅದೇ ತಳ್ಳಬೇಕು. ಅದಕ್ಕೇ ದಪ್ಪ!”

ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಎರಡೂ ಕಡೆ ಒಂದು ಬಡಿತಕ್ಕೆ ಹೋಗುವ ರಕ್ತದ ಪ್ರಮಾಣ ಒಂದೇ, ತಳ್ಳಬೇಕಾದ ಬಲ ಮಾತ್ರ ಬೇರೆ. ಪಕ್ಕದ ಮನೆಗೆ ನೀರು ಕೊಡುವ ಪಂಪೂ ಊರಿಗೆಲ್ಲ ಕೊಡುವ ಪಂಪೂ ಒಂದೇ ಆಗಿರುವುದಿಲ್ಲ.

ಹೀಗೆ ಕೇಳುತ್ತ ಹೋದರೆ ದೇಹದ ಯಾವ ಭಾಗವೂ ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ. ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲಿನಂತೆ ಯಾಕಿದೆ? ಹೆಚ್ಚು ಹೀರಿಕೊಳ್ಳಲು. ಶ್ವಾಸಕೋಶದಲ್ಲಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಗೂಡುಗಳು ಯಾಕೆ? ಎದೆಯಷ್ಟೇ ಜಾಗದಲ್ಲಿ ಗಾಳಿಗೂ ರಕ್ತಕ್ಕೂ ಮುಖಾಮುಖಿಯಾಗಲು ದೊಡ್ಡ ಬಯಲು ಸಿಗಲೆಂದು. ತೊಡೆಯ ಮೂಳೆ ಬಿದಿರಿನಂತೆ ನಡುವೆ ಟೊಳ್ಳು ಯಾಕೆ? ಗಟ್ಟಿಯೂ ಇರಬೇಕು, ಹಗುರವೂ ಇರಬೇಕು.

ಮೇಜಿನ ಮೇಲಿದ್ದವರು

ಹೊರಡುವ ಮೊದಲು ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು. “ಚಿಕ್ಕಮ್ಮ, ಆ ಮೇಜಿನ ಮೇಲೆ ಮಲಗಿಸ್ತಿದ್ದದ್ದು ಯಾರನ್ನ?”

ಬಹುಮಟ್ಟಿಗೆ ಮರಣದಂಡನೆಗೆ ಗುರಿಯಾದವರನ್ನು. ಕೆತ್ತನೆಯ ಕಟಕಟೆ ಉಳಿದಿದೆ, ಕಲಿಸಿದವರ ಹೆಸರು ಉಳಿದಿದೆ, ಕಲಿತವರ ಲಾಂಛನ ಗೋಡೆಯ ಮೇಲಿದೆ. ಮೇಜಿನ ಮೇಲಿದ್ದವರ ಹೆಸರನ್ನು ಅಲ್ಲಿ ಯಾರೂ ಬರೆದಿಟ್ಟಿಲ್ಲ. ನಿಮ್ಮ ದೇಹ ಕೊಡುತ್ತೀರಾ ಎಂದು ಅವರನ್ನು ಯಾರೂ ಕೇಳಿರಲೂ ಇಲ್ಲ. ನಮ್ಮ ಕವಾಟ, ರಜ್ಜು, ಹೃತ್ಕುಕ್ಷಿಗಳ ತಿಳಿವಳಿಕೆಯೆಲ್ಲ ಮೊದಲಿಗೆ ಬಂದದ್ದು ಅವರಿಂದ. 1872ರವರೆಗೂ ಆ ಮಂದಿರದಲ್ಲಿ ಪಾಠ ನಡೆಯಿತು.

ಇಂದು ಆ ಜಾಗಕ್ಕೆ ಬಂದಿರುವವರು ದೇಹದಾನಿಗಳು. ಸತ್ತ ಮೇಲೆ ತಮ್ಮ ದೇಹ ವಿದ್ಯಾರ್ಥಿಗಳ ಕಲಿಕೆಗೆ ಸಿಗಲಿ ಎಂದು ಬದುಕಿರುವಾಗಲೇ ಬರೆದುಕೊಟ್ಟವರು. ಎಂಬಿಬಿಎಸ್ ಸೇರಿದ ಹುಡುಗ ಹುಡುಗಿಯರು ಅನೇಕ ಕಾಲೇಜುಗಳಲ್ಲಿ ಮೊದಲ ದಿನ ಶವದ ಮುಂದೆ ನಿಂತು, ಗೌರವದಿಂದ ನಡೆದುಕೊಳ್ಳುತ್ತೇವೆ ಎಂದು ಪ್ರತಿಜ್ಞೆ ಮಾಡುತ್ತಾರೆ. ಆ ದೇಹವನ್ನು ತಮ್ಮ ಮೊದಲ ಗುರು ಎನ್ನುತ್ತಾರೆ. ಬೆಳಗಾವಿಯಲ್ಲಿ 2010ರಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾದ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಬಿಡಿಸಿ ಪಾಠ ಮಾಡಿದರು. ಸ್ವತಃ ವೈದ್ಯರಾಗಿದ್ದ ತಂದೆ ಹಾಗೆಂದು ಬರೆದಿಟ್ಟು ಹೋಗಿದ್ದರು.

ಇದನ್ನೆಲ್ಲ ನೋಡಲು ಪಾದುವಾಕ್ಕೇ ಹೋಗಬೇಕೆಂದಿಲ್ಲ. ಮಣಿಪಾಲದ ಅಂಗರಚನಾ ವಸ್ತುಸಂಗ್ರಹಾಲಯ ಸಾರ್ವಜನಿಕರಿಗೂ ತೆರೆದಿದೆ. ಉಡುಪಿಯ ಕಡೆ ಹೋದಾಗ ಅರ್ಧ ದಿನ ಇಟ್ಟುಕೊಳ್ಳಿ. ಅಲ್ಲಿ ಗಾಜಿನ ಜಾಡಿಯೊಳಗಿನ ಹೃದಯದ ಮುಂದೆ ನಿಂತಾಗ ಹೆಸರು ಓದಿ ಮುಂದೆ ಹೋಗಬೇಡಿ. ಯಾವ ಗೋಡೆ ದಪ್ಪ, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ನೋಡಿ. ಅದು ಒಂದು ಕಾಲದಲ್ಲಿ ಯಾರದೋ ಎದೆಯಲ್ಲಿ ಬಡಿದ ಹೃದಯ. ಬಡಿತ ನಿಂತ ಮೇಲೂ ನಿಮಗೆ ಪಾಠ ಹೇಳುತ್ತಿದೆ.